ಸೆಂಟ್ರಲ್ ಎ.ಸಿ. ಅಳವಡಿಕೆ ಮತ್ತು ಸರ್ವೀಸ್: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಎರಡು ಮಹಡಿಯ ಬಟ್ಟೆ ಅಂಗಡಿ. ಡಕ್ಟ್ ಮೂಲಕ ತಂಪು ಗಾಳಿ ಬರುವ ಎ.ಸಿ. ಹಾಕಿಸುತ್ತಿದ್ದೇವೆ. ಗುತ್ತಿಗೆದಾರರು ಚದರಡಿ ಲೆಕ್ಕದಲ್ಲಿ ಇಷ್ಟು ಟನ್ ಸಾಕು ಎಂದಿದ್ದಾರೆ. ಛಾವಣಿಯ ಮೇಲೆ ಬಿಸಿಲು ಹೆಚ್ಚೆಂದು ಔಟ್‌ಡೋರ್ ಯೂನಿಟ್‌ಗಳನ್ನು ನಮ್ಮ ಗೋಡೆಗೂ ಪಕ್ಕದ ಕಟ್ಟಡಕ್ಕೂ ನಡುವಿನ ಮೂರಡಿ ಸಂದಿಯಲ್ಲಿ ಒಂದರ ಮೇಲೊಂದು ಕೂರಿಸೋಣ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಸಂದಿಯ ಮಾತಿಗೆ ಒಪ್ಪಬೇಡಿ. ಅಂಗಡಿಯೊಳಗಿನ ಬಿಸಿಯನ್ನು ಹೊರಗೆ ಚೆಲ್ಲುವುದೇ ಔಟ್‌ಡೋರ್ ಯೂನಿಟ್ಟಿನ ಕೆಲಸವಾದ್ದರಿಂದ, ಚೆಲ್ಲಿದ ಬಿಸಿಗಾಳಿ ಅಲ್ಲಿಂದ ದೂರ ಹೋಗಲು ಜಾಗವಿರಲೇಬೇಕು. ಮೂರಡಿ ಸಂದಿಯಲ್ಲಿ ಕೆಳಗಿನ ಯೂನಿಟ್ ಬಿಟ್ಟ ಗಾಳಿಯನ್ನೇ ಮೇಲಿನದು ಸೇದಿಕೊಳ್ಳುತ್ತದೆ. ಬೀದಿಯಲ್ಲಿ 42 ಡಿಗ್ರಿ ಇರುವ ಏಪ್ರಿಲ್ ಮಧ್ಯಾಹ್ನ ಆ ಸಂದಿಯೊಳಗೆ 50 ಡಿಗ್ರಿ ದಾಟಿದರೂ ಆಶ್ಚರ್ಯವಿಲ್ಲ. ಬಿಸಿ ಏರಿದಂತೆ ಪೈಪಿನೊಳಗಿನ ಒತ್ತಡವೂ ಏರುತ್ತದೆ. ಇಂಥ ಯಂತ್ರಗಳಲ್ಲಿ ತಂಪಿಗಾಗಿ ಬಳಸುವ ಆರ್-410ಎ ಅನಿಲವು ಹೊರಯೂನಿಟ್ಟಿನ ಕಾಯಿಲ್ ಆದ ಕಂಡೆನ್ಸರಿನಲ್ಲಿ 50 ಡಿಗ್ರಿಗೆ ದ್ರವವಾಗುವಾಗ ಒತ್ತಡ ಸುಮಾರು 430 ಪಿ.ಎಸ್.ಐ. ಇದ್ದರೆ, 60 ಡಿಗ್ರಿಗೆ ಅದು 540ರ ಆಸುಪಾಸಿಗೆ ಹೋಗುತ್ತದೆ. ಆಗ ಹೈ ಪ್ರೆಶರ್ ಸ್ವಿಚ್ ಯಂತ್ರವನ್ನು ನಿಲ್ಲಿಸುತ್ತದೆ, ಗಿರಾಕಿಗಳು ಬೆವರುತ್ತಾರೆ, ಮಾಲೀಕರು ಫೋನ್ ಮಾಡುತ್ತಾರೆ, ಬಂದ ಹುಡುಗ ಆ ಸ್ವಿಚ್ಚಿನ ಎರಡು ವೈರುಗಳನ್ನು ಸೇರಿಸಿ ಯಂತ್ರ ಓಡಿಸಿ ಹೋಗುತ್ತಾನೆ. ಎ.ಸಿ.ಯಲ್ಲಿ ನಿಜವಾದ ಅಪಾಯ ಆರಂಭವಾಗುವುದು ಅಲ್ಲಿಂದಲೇ. ಸುರಕ್ಷತೆಗೆಂದು ಇಟ್ಟ ಯಾವ ಸ್ವಿಚ್ಚನ್ನೂ ಬೈಪಾಸ್ ಮಾಡಲು ಬಿಡಬೇಡಿ. ಅದು ಪದೇಪದೇ ಕೆಲಸ ನಿಲ್ಲಿಸುತ್ತಿದ್ದರೆ ಕಾರಣ ಬೇರೆಲ್ಲೋ ಇದೆ.

ಛಾವಣಿಯೇ ಸರಿಯಾದ ಜಾಗ. ಬಿಸಿಲು ಅಲ್ಲಿ ಹೆಚ್ಚೆನ್ನುವುದು ನಿಜವಾದರೂ ಗಾಳಿಯ ಓಡಾಟವಿರುವುದರಿಂದ ಯಂತ್ರಕ್ಕೆ ಅದೇ ಅನುಕೂಲ. ನೆರಳು ಬೇಕೆನಿಸಿದರೆ ಎತ್ತರದಲ್ಲಿ ಹಸಿರು ಬಲೆ ಕಟ್ಟಬಹುದು, ಆದರೆ ಫ್ಯಾನಿನ ಬಾಯಿಗೆ ತಗಡು ಅಡ್ಡ ಬರಕೂಡದು. ಸ್ಟ್ಯಾಂಡಿನ ಭಾರ ಬೀಮಿನ ಮೇಲೆ ಬೀಳುವಂತೆ ಕೂರಿಸಿ, ಕಾಲುಗಳಿಗೆ ರಬ್ಬರ್ ಪ್ಯಾಡ್ ಕೊಡಿಸಿ. ಯೂನಿಟ್ಟಿನ ಸುತ್ತ ಒಬ್ಬ ಮನುಷ್ಯ ನೆಮ್ಮದಿಯಾಗಿ ನಿಂತು ಬಾಗಿಲು ತೆರೆಯುವಷ್ಟು ಜಾಗ ಉಳಿಯಬೇಕು. ಪ್ಯಾರಪೆಟ್ಟಿನ ಆಚೆ ಬ್ರಾಕೆಟ್ಟಿಗೆ ನೇತುಹಾಕಿದ ಯೂನಿಟ್ ಹಾಕುವ ದಿನ ಅಗ್ಗವೆನಿಸುತ್ತದೆ, ಆಮೇಲೆ ಪ್ರತಿ ಸರ್ವೀಸಿಗೂ ಒಬ್ಬನ ಪ್ರಾಣವನ್ನು ಪಣಕ್ಕಿಡುತ್ತದೆ.

ಟನ್ ಲೆಕ್ಕಕ್ಕೆ ಬರೋಣ. ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು., ಅಂದರೆ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಹೊರಹಾಕುವ ಶಕ್ತಿ. ಪಶ್ಚಿಮಕ್ಕೆ ಮುಖ ಮಾಡಿದ ಗಾಜು ಎಷ್ಟಿದೆ, ದೀಪಗಳೆಷ್ಟು, ದೀಪಾವಳಿಯ ಹಿಂದಿನ ವಾರ ಒಳಗೆ ಎಷ್ಟು ಜನರಿರುತ್ತಾರೆ ಎಂಬುದು ಚದರಡಿ ಸೂತ್ರಕ್ಕೆ ಗೊತ್ತಿರುವುದಿಲ್ಲ. ಹೀಟ್ ಲೋಡ್ ಲೆಕ್ಕವನ್ನು ಕಾಗದದ ಮೇಲೆ ಕೇಳಿ. ಜೊತೆಗೆ ಯಂತ್ರದ ಮೇಲೆ ಬರೆದಿರುವ ಸಾಮರ್ಥ್ಯವನ್ನು ಹೊರಗೆ 35 ಡಿಗ್ರಿ ಇರುವಾಗ ಅಳೆದಿರುತ್ತಾರೆಂಬುದು ನೆನಪಿರಲಿ. ನಮ್ಮ ಜಿಲ್ಲೆಗಳ ಬೇಸಿಗೆಗೆ ಆ ಅಂಕಿ ಸಾಲದು, ಆದ್ದರಿಂದ 46 ಡಿಗ್ರಿಯಲ್ಲಿ ಅದೇ ಯಂತ್ರ ಎಷ್ಟು ಕೊಡುತ್ತದೆ ಎಂಬ ಕಂಪನಿಯ ಪಟ್ಟಿಯನ್ನು ತರಿಸಿಕೊಂಡು ಅದರ ಮೇಲೆ ತೀರ್ಮಾನಿಸಿ.

ಪ್ರಶ್ನೆ: ನಾನು ಐ.ಟಿ.ಐ. ಮುಗಿಸಿ ಸಿಂಧನೂರಿನಲ್ಲಿ ಎ.ಸಿ. ಕೆಲಸ ಮಾಡುತ್ತಿದ್ದೇನೆ. ನೈಟ್ರೋಜನ್ ಸಿಲಿಂಡರ್ ಸಿಗದಿದ್ದಾಗ ಬ್ರೇಜಿಂಗ್‌ಗೆ (ತಾಮ್ರದ ಪೈಪುಗಳನ್ನು ಕಾಯಿಸಿ ಬೆಸೆಯುವುದಕ್ಕೆ) ತಂದ ಆಕ್ಸಿಜನ್ನಿನಿಂದಲೇ ಪ್ರೆಶರ್ ಹಾಕಿ ಲೀಕ್ ನೋಡುವುದನ್ನು ಕಂಡಿದ್ದೇನೆ. ಇದು ಸರಿಯೇ? ಹೊಸ ಆರ್-32 ಅನಿಲಕ್ಕೆ ಬೆಂಕಿ ಹತ್ತುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ಯಾವ ಎಚ್ಚರ ಬೇಕು?

ಉತ್ತರ: ಆಕ್ಸಿಜನ್ ಎಂದಿಗೂ ಬೇಡ, ಒಂದೇ ಒಂದು ಸಲವೂ ಬೇಡ. ಕಂಪ್ರೆಸರಿನೊಳಗೆ ಎಣ್ಣೆಯಿದೆ, ಒತ್ತಡದಲ್ಲಿರುವ ಆಕ್ಸಿಜನ್ ಎಣ್ಣೆಯನ್ನು ಸೇರಿದರೆ ಕಿಡಿಯಿಲ್ಲದೆಯೂ ಸ್ಫೋಟವಾಗಬಹುದು. ಒಣ ನೈಟ್ರೋಜನ್ ಸಿಗುವ ತನಕ ಕೆಲಸ ನಿಲ್ಲಿಸಿ, ಮಾಲೀಕರು ಬೈದರೆ ಬೈಸಿಕೊಳ್ಳಿ. ನೈಟ್ರೋಜನ್ ಸಿಲಿಂಡರಿನಲ್ಲಿಯೂ ತುಂಬಿದಾಗ ಸುಮಾರು 150 ಬಾರ್ ಒತ್ತಡವಿರುವುದರಿಂದ ರೆಗ್ಯುಲೇಟರ್ ಇಲ್ಲದೆ ನೇರವಾಗಿ ಪೈಪಿಗೆ ಕೊಡುವುದು ಅಷ್ಟೇ ಅಪಾಯಕಾರಿ.

ನೈಟ್ರೋಜನ್ನಿನ ಕೆಲಸ ಬ್ರೇಜಿಂಗ್ ಮಾಡುವಾಗಲೇ ಆರಂಭವಾಗುತ್ತದೆ. ಬೆಂಕಿ ತಾಗಿಸುವಾಗ ಪೈಪಿನೊಳಗೆ ಅದು ತೆಳ್ಳಗೆ ಹರಿಯುತ್ತಿರಬೇಕು, ಇಲ್ಲವಾದರೆ ತಾಮ್ರದ ಒಳಮೈ ಸುಟ್ಟು ಕಪ್ಪು ಹಕ್ಕಳೆ ಏಳುತ್ತದೆ, ಅದು ಮುಂದೆ ಡ್ರೈಯರಿನಲ್ಲೋ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲೋ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒತ್ತಡವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲಿಯೂ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಎಲ್ಲಿಯವರೆಗೆ ಏರಿಸಬೇಕೆಂಬುದನ್ನು ಆ ಯಂತ್ರದ ಕೈಪಿಡಿಯೇ ಹೇಳುತ್ತದೆ. ಒಂದು ರಾತ್ರಿ ಹಾಗೆಯೇ ಬಿಡುವುದು ಒಳ್ಳೆಯ ಪದ್ಧತಿ, ಆದರೆ ಗೇಜ್ ನೋಡುವಾಗ ತಾಪಮಾನವನ್ನೂ ಬರೆದಿಟ್ಟುಕೊಳ್ಳಬೇಕು. ಮಧ್ಯಾಹ್ನ 40 ಡಿಗ್ರಿಯಲ್ಲಿ 500 ಪಿ.ಎಸ್.ಐ. ತೋರಿಸಿದ್ದು ಬೆಳಗಿನ ಜಾವ 30 ಡಿಗ್ರಿಯಲ್ಲಿ 484ಕ್ಕೆ ಇಳಿದಿದ್ದರೆ ಅದು ಲೀಕ್ ಅಲ್ಲ, ಅನಿಲ ತಣ್ಣಗಾದದ್ದರ ಲೆಕ್ಕ. ಇದನ್ನು ತಿಳಿಯದೆ ಗಟ್ಟಿಯಾದ ಜಾಯಿಂಟನ್ನೇ ಬಿಚ್ಚಿ ಕೆಡಿಸಿದವರು ಬಹಳ ಮಂದಿ.

ಅನಂತರ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಹದಿನೈದು ನಿಮಿಷ ಪಂಪ್ ಓಡಿಸಿ ಗೇಜಿನ ಮುಳ್ಳು ಕೆಳಗಿಳಿಯಿತೆಂದು ನಿಲ್ಲಿಸುವುದು ನಮ್ಮಲ್ಲಿ ರೂಢಿ. ಆ ಮುಳ್ಳು ಗಾಳಿ ಹೋದದ್ದನ್ನು ಹೇಳುತ್ತದೆಯೇ ಹೊರತು ತೇವ ಹೋದದ್ದನ್ನಲ್ಲ. ವ್ಯಾಕ್ಯೂಮನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್ ಹಾಕಿ 500 ಮೈಕ್ರಾನ್‌ಗೆ ಇಳಿಸಿ, ಪಂಪಿನ ವಾಲ್ವ್ ಮುಚ್ಚಿ, ಅಂಕಿ ಮತ್ತೆ ಏರುತ್ತದೆಯೇ ಎಂದು ಕಾದು ನೋಡಿ. ಆರ್-410ಎ ಮತ್ತು ಆರ್-32 ಯಂತ್ರಗಳ ಎಣ್ಣೆ ತೇವವನ್ನು ಬೇಗ ಹೀರಿಕೊಳ್ಳುವುದರಿಂದ ಈ ಒಂದು ಉಪಕರಣದ ಖರ್ಚು ಕಂಪ್ರೆಸರಿನ ಆಯುಷ್ಯದಲ್ಲಿ ಮರಳಿ ಬರುತ್ತದೆ.

ಆರ್-32 ನಿಧಾನವಾಗಿ ಉರಿಯುವ ವರ್ಗಕ್ಕೆ ಸೇರಿದ ಅನಿಲ. ಗಾಳಿಯಲ್ಲಿ ಸುಮಾರು ಶೇ 14ಕ್ಕಿಂತ ಹೆಚ್ಚು ಬೆರೆತಾಗ ಮಾತ್ರ ಬೆಂಕಿ ಹಿಡಿಯುತ್ತದೆ. ಹೆದರಿ ಓಡಬೇಕಾದ ಅನಿಲವಲ್ಲ, ಆದರೆ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದ ಗುಂಡಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ತಂಗುತ್ತದೆ. ಕಿಟಕಿ ಬಾಗಿಲು ತೆರೆದಿಡಿ, ಬೀಡಿ ಸಿಗರೇಟು ದೂರವಿರಲಿ, ಅದಕ್ಕೆಂದೇ ಮಾಡಿದ, ಅನಿಲವನ್ನು ಹೊರತೆಗೆದು ಸಿಲಿಂಡರಿಗೆ ತುಂಬುವ ರಿಕವರಿ ಯಂತ್ರ ಮತ್ತು ಲೀಕ್ ಡಿಟೆಕ್ಟರ್ ಬಳಸಿ. ಹಳೆಯ ಆರ್-22 ಅನಿಲದ ಅಥವಾ ಆರ್-410ಎ ಯಂತ್ರಕ್ಕೆ ಆರ್-32 ತುಂಬಬೇಡಿ. ಅಡುಗೆ ಅನಿಲವನ್ನು ತುಂಬಿ 'ತಂಪು ಚೆನ್ನಾಗಿ ಬರುತ್ತದೆ' ಎನ್ನುವವರೂ ಇದ್ದಾರೆ; ಅಂಥವರ ಜೊತೆ ಕೆಲಸ ಮಾಡಬೇಡಿ.

ಅನಿಲವಿರುವ ಪೈಪಿಗೆ ಟಾರ್ಚ್ ಹಿಡಿಯುವುದು ಇನ್ನೊಂದು ತಪ್ಪು. ಒಳಗಿನ ಎಣ್ಣೆ ಮಂಜಿನಂತೆ ಹೊರಚಿಮ್ಮಿ ಹೊತ್ತಿಕೊಳ್ಳುತ್ತದೆ. ಆರ್-22 ಉರಿಗೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲವೂ ಹುಟ್ಟಬಹುದು. ಮೊದಲು ಅನಿಲವನ್ನು ರಿಕವರಿ ಸಿಲಿಂಡರಿಗೆ ತೆಗೆಯಿರಿ, ಅನಂತರ ಪೈಪ್ ಕಟರ್‌ನಿಂದ ಕತ್ತರಿಸಿ. ಗ್ಯಾಸನ್ನು ಹೊರಯೂನಿಟ್ಟಿಗೆ ಎಳೆದು ನಿಲ್ಲಿಸುವ ಪಂಪ್ ಡೌನ್ ಮಾಡುವಾಗ ಕಂಪ್ರೆಸರನ್ನು ಪೂರ್ತಿಯಾಗಿ ಆಫ್ ಮಾಡಿದ ಮೇಲೆಯೇ ಪೈಪ್ ಬಿಚ್ಚಬೇಕು. ಓಡುತ್ತಿರುವ ಕಂಪ್ರೆಸರ್ ಬಿಚ್ಚಿದ ಪೈಪಿನಿಂದ ಗಾಳಿಯನ್ನು ಎಳೆದುಕೊಂಡರೆ, ಗಾಳಿ ಮತ್ತು ಎಣ್ಣೆ ಒಳಗೆ ಒತ್ತಲ್ಪಟ್ಟು ತಾವಾಗಿಯೇ ಹೊತ್ತಿಕೊಂಡು ಯಂತ್ರವೇ ಸಿಡಿಯುತ್ತದೆ. ಔಟ್‌ಡೋರ್ ಯೂನಿಟ್ ಸಿಡಿಯುವ ಅವಘಡಗಳಿಗೆ ಇದೊಂದು ಗೊತ್ತಿರುವ ಕಾರಣ.

ಕೊನೆಯದಾಗಿ, ತಂಪು ಕಡಿಮೆಯಾದ ಕೂಡಲೇ 'ಗ್ಯಾಸ್ ಟಾಪಪ್' ಎಂದು ಬಿಲ್ ಬರೆಯಬೇಡಿ. ಗ್ಯಾಸ್ ಎಂಬುದು ಓಡಿದಷ್ಟೂ ಖರ್ಚಾಗುವ ಪೆಟ್ರೋಲ್ ಅಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ, ಅದನ್ನು ಹುಡುಕದೆ ತುಂಬಿದ ಗ್ಯಾಸ್ ಅದೇ ದಾರಿಯಲ್ಲಿ ಹೋಗುತ್ತದೆ. ಲೀಕ್ ಮುಚ್ಚಿದ ಮೇಲೆ ಯಂತ್ರದ ಫಲಕದಲ್ಲಿ ಬರೆದಷ್ಟನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಿ.

ಪ್ರಶ್ನೆ: ರಾಯಚೂರಿನ ನಮ್ಮ ನರ್ಸಿಂಗ್ ಹೋಮಿನಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಾದ ಮರುದಿನದಿಂದ ಎ.ಸಿ. ಕರ್ಕಶ ಸದ್ದು ಮಾಡುತ್ತಿದೆ, ತಂಪೇ ಇಲ್ಲ. ಗ್ಯಾಸ್ ಹೋಗಿದೆಯೇ?

ಉತ್ತರ: ಗ್ಯಾಸ್ ಹೋಗಿರುವ ಸಾಧ್ಯತೆ ಕಡಿಮೆ. ಮೂರು ಫೇಸ್‌ಗಳ ಕ್ರಮ ಅದಲುಬದಲಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಸ್ಕ್ರಾಲ್ ಎಂಬ ಬಗೆಯ ಕಂಪ್ರೆಸರ್ ಒಂದೇ ದಿಕ್ಕಿಗೆ ತಿರುಗಬೇಕಾದದ್ದು. ಹಿಮ್ಮುಖವಾಗಿ ತಿರುಗಿದರೆ ಅತಿಯಾದ ಸದ್ದು ಬರುತ್ತದೆ, ಕರೆಂಟನ್ನು ಕಡಿಮೆ ಎಳೆಯುತ್ತದೆ, ಎರಡೂ ಗೇಜ್‌ಗಳ ಅಂಕಿ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕೂಡಲೇ ಆಫ್ ಮಾಡಿ. ನೀರಿನ ಪಂಪ್ ಕೂಡ ನೀರೆತ್ತುತ್ತಿಲ್ಲವಾದರೆ ಇಡೀ ಕಟ್ಟಡದ ಕ್ರಮವೇ ತಿರುಗಿದೆ ಎಂದರ್ಥ, ಆಗ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಮುಖ್ಯ ಪ್ಯಾನೆಲ್ಲಿನಲ್ಲಿಯೇ ಸರಿಪಡಿಸಬೇಕು. ಜನರೇಟರಿನ ಫೇಸ್ ಕ್ರಮವೂ ಅದಕ್ಕೆ ಹೊಂದಿರಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ, ಆಗ ಕರೆಂಟ್ ಹೋದಾಗಲೆಲ್ಲ ಅದೇ ತೊಂದರೆ ಮರುಕಳಿಸುತ್ತದೆ.

ಫೇಸ್ ಕ್ರಮ, ಒಂದು ಫೇಸ್ ಹೋಗುವುದು, ವೋಲ್ಟೇಜ್ ಏರಿಳಿತ, ಈ ಮೂರನ್ನೂ ಗಮನಿಸಿ ಯಂತ್ರ ನಿಲ್ಲಿಸುವ ರಿಲೇ ಹಾಕಿಸಿಕೊಳ್ಳಿ. ಮೂರು ಫೇಸ್‌ಗಳ ವೋಲ್ಟೇಜ್ ನಡುವಿನ ವ್ಯತ್ಯಾಸವನ್ನೂ ಅಳೆಸಿ: 400, 410, 420 ಬಂದರೆ ಸರಾಸರಿ 410, ಅದರಿಂದ ಅತಿ ಹೆಚ್ಚು ದೂರ 10, ಅಂದರೆ ಶೇ 2.4. ಶೇ 2 ಮೀರಿದರೆ ಮೋಟಾರಿನ ಸುರುಳಿ ಬಿಸಿಯಾಗತೊಡಗುತ್ತದೆ. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಮತ್ತೆ ಚಾಲೂ ಆಗಲು ಕನಿಷ್ಠ 3 ನಿಮಿಷ ತಡೆಯುವ ಟೈಮರ್ ಇರಲಿ.

ನಿಮ್ಮಲ್ಲಿ ಜನರೇಟರ್ ತಾನಾಗಿಯೇ ಚಾಲೂ ಆಗುವ ವ್ಯವಸ್ಥೆ ಇದ್ದರೆ ಇನ್ನೊಂದು ಎಚ್ಚರ. ಕೆಳಗೆ ಮೇನ್ ಆಫ್ ಮಾಡಿ ಛಾವಣಿಗೆ ಹೋದ ಟೆಕ್ನಿಷಿಯನ್ ಯಂತ್ರ ಮುಟ್ಟಿದ ಹೊತ್ತಿಗೆ ಜನರೇಟರ್ ಎದ್ದು ಕರೆಂಟ್ ಕೊಡಬಹುದು. ಆದ್ದರಿಂದ ಪ್ರತಿ ಔಟ್‌ಡೋರ್ ಯೂನಿಟ್ಟಿನ ಪಕ್ಕದಲ್ಲಿಯೇ ಕರೆಂಟ್ ಕಡಿಯುವ ಐಸೋಲೇಟರ್ ಸ್ವಿಚ್ ಇರಬೇಕು, ಅದನ್ನು ಆಫ್ ಮಾಡಿ ಬೀಗ ಹಾಕಿ ಕೀಲಿಯನ್ನು ಕೆಲಸ ಮಾಡುವವರೇ ಜೇಬಿನಲ್ಲಿಟ್ಟುಕೊಳ್ಳಬೇಕು. ಆಮೇಲೆಯೂ ಮೀಟರ್ ಹಿಡಿದು ಕರೆಂಟ್ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳದೆ ಕೈಯಿಡಬಾರದು.

ಪ್ರಶ್ನೆ: ಕೊಪ್ಪಳದ ಗಿಣಿಗೇರಿ ಬಳಿ ನಮ್ಮ ಕಚೇರಿಯಿದೆ. ಕಾರ್ಖಾನೆಗಳ ಕರಿಧೂಳು ಔಟ್‌ಡೋರ್ ಯೂನಿಟ್ಟಿನ ಮೇಲೆ ಕೂರುತ್ತದೆ. ಕಾವಲುಗಾರರು ದಿನವೂ ಮಧ್ಯಾಹ್ನ ಬೋರ್‌ವೆಲ್ ನೀರು ಹೊಡೆಯುತ್ತಾರೆ. ಅದರಿಂದ ಎ.ಸಿ. ತಂಪಾಗುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ಆ ಗಳಿಗೆಗೆ ತಂಪಾಗುತ್ತದೆ ಎನ್ನುವುದು ನಿಜ. ಆದರೆ ಗಡಸು ನೀರು ಬಿಸಿ ಅಲ್ಯೂಮಿನಿಯಂ ಹಾಳೆಗಳ ಮೇಲೆ ಆರಿದಾಗ ಬಿಳಿ ಸುಣ್ಣದ ಪದರ ಉಳಿಯುತ್ತದೆ, ಅದರ ಮೇಲೆ ಧೂಳು ಗಾರೆಯಾಗುತ್ತದೆ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಗಾಳಿ ನುಸುಳಲು ದಾರಿಯೇ ಉಳಿಯುವುದಿಲ್ಲ. ಜೊತೆಗೆ ಓಡುವ ಯಂತ್ರಕ್ಕೆ ನೀರು ಹೊಡೆಯುವ ಆ ಕಾವಲುಗಾರರಿಗೆ ಶಾಕ್ ಹೊಡೆಯುವ ಭಯವಿದೆ. ಇಂದೇ ನಿಲ್ಲಿಸಿ.

ನಿಮ್ಮ ಜಾಗದಲ್ಲಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಕಂಡೆನ್ಸರ್ ತೊಳೆಸಬೇಕು, ವರ್ಷಕ್ಕೆರಡು ಸರ್ವೀಸ್ ಎಂಬ ಒಪ್ಪಂದ ಸಾಲದು. ಐಸೋಲೇಟರ್ ಆಫ್ ಮಾಡಿ, ಮೊದಲು ಒಣಧೂಳನ್ನು ಮೃದು ಬ್ರಷ್‌ನಿಂದ ಹಾಳೆಗಳ ನಿಟ್ಟಿನಲ್ಲಿಯೇ ತೆಗೆದು, ಆಮೇಲೆ ಸಿಹಿನೀರನ್ನು ಕಡಿಮೆ ಒತ್ತಡದಲ್ಲಿ ಒಳಗಿನಿಂದ ಹೊರಕ್ಕೆ ಹಾಯಿಸಬೇಕು. ಕಾರು ತೊಳೆಯುವ ಪಂಪ್ ಹತ್ತಿರದಿಂದ ಹಿಡಿದರೆ ಹಾಳೆಗಳು ಮಲಗಿಬಿಡುತ್ತವೆ. ಎಲೆಕ್ಟ್ರಿಕಲ್ ಪೆಟ್ಟಿಗೆ ಮುಚ್ಚಿರಲಿ. ಅದನ್ನು ತೆರೆಯಬೇಕಾದರೆ ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಬೇಕು, ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಶೌರ್ಯವಲ್ಲ. ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಾಗ, ತಗಡು ಕಾದ ಛಾವಣಿಗೆ ಮೂರು ಗಂಟೆಗೆ ಕೆಲಸಗಾರರನ್ನು ಹತ್ತಿಸುವುದರಲ್ಲಿ ಅರ್ಥವಿಲ್ಲ. ಸರ್ವೀಸ್ ಬೆಳಗಿನ ಹತ್ತರೊಳಗೆ ಮುಗಿಯಲಿ.

ಪ್ರಶ್ನೆ: ಗಂಗಾವತಿಯ ನಮ್ಮ ಕಲ್ಯಾಣ ಮಂಟಪದಲ್ಲಿ ಮದುವೆಯ ದಿನವೇ ಫಾಲ್ಸ್ ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುತ್ತದೆ. ಉಳಿದ ದಿನ ಏನೂ ಇಲ್ಲ. ಏಕೆ?

ಉತ್ತರ: ಸಾವಿರ ಜನರ ಉಸಿರು ಮತ್ತು ಬೆವರಿನ ತೇವವೆಲ್ಲ ಒಳಗಿನ ಕಾಯಿಲ್ ಮೇಲೆ ನೀರಾಗುತ್ತದೆ, ಖಾಲಿ ಮಂಟಪದಲ್ಲಿ ಅಷ್ಟು ನೀರೇ ಹುಟ್ಟುವುದಿಲ್ಲ. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರಿದೆಯೇ, ಯೂನಿಟ್ಟಿನಿಂದ ಹೊರಬಂದ ಕೂಡಲೇ ಯು ಆಕಾರದ ಟ್ರ್ಯಾಪ್ ಇದೆಯೇ ನೋಡಿಸಿ. ಟ್ರ್ಯಾಪ್ ಇಲ್ಲದಿದ್ದರೆ, ಅಥವಾ ಮುಹೂರ್ತಗಳ ನಡುವಿನ ಬಿಡುವಿನಲ್ಲಿ ಅದರ ನೀರು ಆರಿಹೋಗಿದ್ದರೆ, ಬ್ಲೋವರ್ ಡ್ರೈನಿನ ಮೂಲಕವೇ ಗಾಳಿ ಎಳೆದುಕೊಂಡು ನೀರನ್ನು ಟ್ರೇಯಲ್ಲಿ ತಡೆಹಿಡಿಯುತ್ತದೆ. ಟ್ರೇ ತುಂಬಿದರೆ ಯಂತ್ರ ನಿಲ್ಲಿಸುವ ಫ್ಲೋಟ್ ಸ್ವಿಚ್ ಹಾಕಿಸಿ, ಏಕೆಂದರೆ ಸೀಲಿಂಗಿನೊಳಗೆ ದೀಪದ ವೈರುಗಳೂ ಇವೆ. ಇವೆಲ್ಲವನ್ನೂ ಡಕ್ಟಿನ ಇನ್ಸುಲೇಷನ್ ಪರೀಕ್ಷೆಯ ಜೊತೆಗೆ, ಮದುವೆಗಳಿಲ್ಲದ ಆಷಾಢದಲ್ಲಿ ಮಾಡಿಸಿಕೊಳ್ಳಬಹುದು. ದೊಡ್ಡ ಯಂತ್ರಗಳನ್ನು ಬಹಳ ದಿನ ಪೂರ್ತಿ ಆಫ್ ಮಾಡಿಟ್ಟಿದ್ದರೆ, ಮೊದಲ ಮದುವೆಯ ಹಿಂದಿನ ರಾತ್ರಿಯೇ ಮೇನ್ ಕರೆಂಟ್ ಕೊಟ್ಟಿಡಿ. ಕಂಪ್ರೆಸರಿನ ತಳದ ಹೀಟರ್ ಎಣ್ಣೆಯಲ್ಲಿ ಬೆರೆತ ಗ್ಯಾಸನ್ನು ಬೇರ್ಪಡಿಸಲು ಹಲವು ಗಂಟೆ ಬೇಕಾಗುತ್ತದೆ.