ಅಂಬಾರಿಯ ಭಾರ ಕೂರುವುದು ಎಲ್ಲಿ?

ದಸರಾ ಬಂತೆಂದರೆ ಇವೇ ಪ್ರಶ್ನೆಗಳು. ಈ ಸಲ ಬರೆದೇ ಬಿಡುತ್ತೇನೆ.

ಪ್ರಶ್ನೆ: 750 ಕೆ.ಜಿ. ಚಿನ್ನ ಹೊತ್ತರೆ ಆನೆಯ ಬೆನ್ನು ಮುರಿಯುವುದಿಲ್ವಾ?

ಮೊದಲು ಆ ‘750 ಕೆ.ಜಿ. ಚಿನ್ನ’ದ ಮಾತು ಬಿಡಿ. ಅದು ಅಂಬಾರಿಯ ಒಟ್ಟು ತೂಕ. ಒಡಲೆಲ್ಲ ಮರ. ಚಿನ್ನ ಮೇಲೆ ಹೊದಿಸಿದ ತಗಡು ಅಷ್ಟೇ.

ಇನ್ನು ಬೆನ್ನು. ಆನೆಯ ಬೆನ್ನುಮೂಳೆಯ ಉದ್ದಕ್ಕೂ ಮೂಳೆಯ ಚಾಚುಗಳು ಮೇಲಕ್ಕೆ ಎದ್ದಿರುತ್ತವೆ. ಭಾರ ಅದರ ಮೇಲೆ ಕೂತಿತೋ, ಕೆಟ್ಟಿತು. ಅದಕ್ಕೇ ಮೊದಲು ನಮ್ದಾ ಎಂಬ ಮೆತ್ತನೆಯ ಹಾಸು, ಅದರ ಮೇಲೆ ದಪ್ಪ ಗಾದಿ. ಭಾರ ಎರಡೂ ಪಕ್ಕದ ಪಕ್ಕೆಲುಬಿಗೆ ಇಳಿಯಬೇಕು, ನಡುಗೆರೆಗೆ ಏನೂ ತಾಗಬಾರದು. ಹೊಟ್ಟೆಯ ಕೆಳಗೆ, ಬಾಲದ ಬುಡದಲ್ಲಿ ಹಗ್ಗ ಬಿಗಿಯುತ್ತಾರೆ. ಒಂದು ಕಡೆ ಸಡಿಲವಾದರೂ ಅಂಬಾರಿ ವಾಲುತ್ತದೆ, ಹಗ್ಗ ಚರ್ಮ ಉಜ್ಜುತ್ತದೆ. ಮೆರವಣಿಗೆಯಲ್ಲಿ ನೀವು ಅಂಬಾರಿ ನೋಡುತ್ತೀರಿ, ನಾನು ಆ ಹಗ್ಗವನ್ನೇ ನೋಡುತ್ತೇನೆ.

ಅದಕ್ಕೂ ಮುಂಚೆ ವಾರಗಟ್ಟಲೆ ತಾಲೀಮು: ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಬೆನ್ನು ಅಗಲವಿದ್ದರೆ ಸಾಲದು, ಗದ್ದಲಕ್ಕೆ ಬೆಚ್ಚದ ಸ್ವಭಾವವೂ ಬೇಕು. ದ್ರೋಣ ಎಂಬ ಆನೆ 18 ಸಲ ಹೊತ್ತ, ಬಲರಾಮ 14 ಸಲ. ವರ್ಷಕ್ಕೊಮ್ಮೆ, ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಇದನ್ನು ತೋರಿಸಿ ‘ಪ್ರವಾಸಿಗರನ್ನು ದಿನವಿಡೀ ಹೊರಿಸಿದರೂ ಏನಾಗಲ್ಲ’ ಅನ್ನುವವರ ಮಾತು ಕೇಳಬೇಡಿ. ನಾನಂತೂ ಹತ್ತುವುದಿಲ್ಲ.

ಪ್ರಶ್ನೆ: ಯುದ್ಧದಲ್ಲಿ ರಾಜನಿಗೆ ಅಂಬಾರಿಯೇ ಸುರಕ್ಷಿತ ಜಾಗ ಅಲ್ವಾ?

ಯಾರು ಹೇಳಿದ್ದು? ಎತ್ತರದಲ್ಲಿ ಕೂತವನು ಶತ್ರುವಿಗೂ ಕಾಣುತ್ತಾನೆ. 1556ರ ಪಾಣಿಪತ್ ಯುದ್ಧದಲ್ಲಿ ಅಕ್ಬರನ ಸೇನೆಯ ಎದುರು ಆನೆ ಮೇಲಿದ್ದ ಹೇಮುವಿನ ಕಣ್ಣಿಗೇ ಬಾಣ ತಾಗಿತು, ಸೇನೆ ಚದುರಿತು. 1658ರಲ್ಲಿ ಸಮೂಗಢದ ಯುದ್ಧದಲ್ಲಿ ಮೊಘಲ್ ರಾಜಕುಮಾರ ದಾರಾ ಶಿಕೋ ಆನೆ ಇಳಿದು ಕುದುರೆ ಹತ್ತಿದ. ಖಾಲಿ ಅಂಬಾರಿ ಕಂಡ ಸೈನಿಕರು ಅವನು ಸತ್ತನೆಂದೇ ಓಡಿದರು. ಕೂತರೂ ಕಷ್ಟ, ಇಳಿದರೂ ಕಷ್ಟ! 1912ರಲ್ಲಿ ದಿಲ್ಲಿಯ ಮೆರವಣಿಗೆಯಲ್ಲಿ ವೈಸ್‌ರಾಯ್ ಹಾರ್ಡಿಂಜ್ ಕೂತಿದ್ದ ಅಂಬಾರಿಗೇ ಬಾಂಬ್ ಬಿತ್ತು. ಅವರು ಗಾಯಗೊಂಡು ಉಳಿದರು, ಹಿಂದೆ ಛತ್ರಿ ಹಿಡಿದಿದ್ದ ಸೇವಕ ಸತ್ತ.

ಪ್ರಶ್ನೆ: ಮೈಸೂರಲ್ಲಿ ಈಗ ರಾಜರು ಅಂಬಾರಿಯಲ್ಲಿ ಯಾಕೆ ಕೂರುವುದಿಲ್ಲ?

ಆ ಪದ್ಧತಿ ಜಯಚಾಮರಾಜ ಒಡೆಯರ್ ಕಾಲಕ್ಕೇ ಮುಗಿಯಿತು. ಈಗ ಕೂರುವುದು ಚಾಮುಂಡೇಶ್ವರಿ.

ಪ್ರಶ್ನೆ: ಅಂಬಾರಿ ಆನೆಯ ಬಾಲದ ಕೂದಲಿನ ಉಂಗುರ ಹಾಕಿದರೆ ದೃಷ್ಟಿ ತಾಗಲ್ವಂತೆ, ಎಲ್ಲಿ ಸಿಗುತ್ತೆ?

ಇದನ್ನು ಮಾತ್ರ ಇನ್ನು ಕಳಿಸಬೇಡಿ. ಅದನ್ನು ಮಾರುವುದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಆ ಕೂದಲು ನೊಣ ಓಡಿಸಲು ಆನೆಗೇ ಬೇಕು.