ಇಂಗ್ಲಿಷ್ ವಾಕ್ಯಗಳಲ್ಲಿನ ವ್ಯಾಕರಣದ ತಪ್ಪುಗಳನ್ನು ನಾವೇ ಗುರುತಿಸಿ ತಿದ್ದಿಕೊಳ್ಳುವುದು ಹೇಗೆ?

ವಾಕ್ಯವನ್ನು ಬರೆದ ಮೇಲೆ ಮೊದಲು ಅದರ ಕ್ರಿಯಾಪದವನ್ನು ಹುಡುಕಿ, ಅದು ಯಾವ ಪದಕ್ಕೆ ಸೇರಿದ್ದು ಎಂದು ಕೇಳಿಕೊಳ್ಳಿ. 'ದ ಲಿಸ್ಟ್ ಆಫ್ ಬುಕ್ಸ್ ಆರ್ ಆನ್ ದ ಟೇಬಲ್' ಎಂಬಲ್ಲಿ 'ಬುಕ್ಸ್' ಎಂಬ ಬಹುವಚನ ಕ್ರಿಯಾಪದದ ಪಕ್ಕದಲ್ಲೇ ಇರುವುದರಿಂದ 'ಆರ್' ಸರಿಯೆಂದು ಕಿವಿಗೆ ತೋರುತ್ತದೆ. ಆದರೆ ಮೇಜಿನ ಮೇಲಿರುವುದು ಪಟ್ಟಿಯೇ ಹೊರತು ಪುಸ್ತಕಗಳಲ್ಲ. 'ಆಫ್ ಬುಕ್ಸ್' ಎಂಬ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿದರೆ, ಉಳಿಯುವ ಕರ್ತೃಪದ 'ಲಿಸ್ಟ್' ಏಕವಚನವೆಂದೂ ಅದಕ್ಕೆ 'ಈಸ್' ಬೇಕೆಂದೂ ತಾನಾಗಿ ತಿಳಿಯುತ್ತದೆ. 'ಒನ್ ಆಫ್ ಮೈ ಫ್ರೆಂಡ್ಸ್ ಈಸ್' ಎಂಬುದಕ್ಕೂ ಇದೇ ಕಾರಣ.

ಅನಂತರ ಕಾಲವನ್ನು ನೋಡಿ. 'ಐ ಡಿಡ್ ನಾಟ್ ವೆಂಟ್' ತಪ್ಪು, ಏಕೆಂದರೆ ಭೂತಕಾಲವನ್ನು 'ಡಿಡ್' ಆಗಲೇ ಸೂಚಿಸಿರುವುದರಿಂದ ಮುಂದೆ ಮೂಲರೂಪವಾದ 'ಗೋ' ಬರಬೇಕು. '2015ರಿಂದ ಇಲ್ಲಿ ವಾಸಿಸುತ್ತಿದ್ದೇನೆ' ಎಂದು ಕನ್ನಡದಲ್ಲಿ ವರ್ತಮಾನಕಾಲದಲ್ಲೇ ಹೇಳುವ ನಾವು, 'ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ 2015' ಎಂದು ಬರೆದುಬಿಡುತ್ತೇವೆ. ಹಿಂದೆ ಆರಂಭವಾಗಿ ಇಂದಿಗೂ ಮುಂದುವರಿದಿರುವ ಸಂಗತಿಗೆ ಇಂಗ್ಲಿಷ್ 'ಹ್ಯಾವ್ ಬೀನ್ ಲಿವಿಂಗ್' ಎಂಬ ರೂಪವನ್ನು ಬಯಸುತ್ತದೆ. ಇದು ತಾಯ್ನುಡಿಯ ರೂಢಿಯಿಂದ ಬಂದ ತಪ್ಪಾದ್ದರಿಂದ ನಾಚಿಕೊಳ್ಳಬೇಕಾದ ಅಗತ್ಯವಿಲ್ಲ, ಆದರೆ ಅದರ ಮೂಲ ಗೊತ್ತಿದ್ದರೆ ತಿದ್ದಿಕೊಳ್ಳುವುದು ಬಹಳ ಸುಲಭ.

ವಿಭಕ್ತಿಯಂತೆ ಕೆಲಸ ಮಾಡುವ 'ಇನ್', 'ಆನ್', 'ಅಬೌಟ್' ಮುಂತಾದವುಗಳಿಗೆ ಎಲ್ಲ ಕಡೆಯೂ ಸಲ್ಲುವ ನಿಯಮವಿಲ್ಲ. 'ಡಿಸ್ಕಸ್' ಪದದ ಮುಂದೆ 'ಅಬೌಟ್' ಬರುವುದಿಲ್ಲ, 'ಟಾಕ್' ಪದದ ಮುಂದೆ ಬರುತ್ತದೆ. ಇಂಥವನ್ನು ಕ್ರಿಯಾಪದದೊಂದಿಗೆ ಜೋಡಿಯಾಗಿಯೇ ಕಲಿಯಬೇಕು.