ತಮ್ಮನ ಕಾಯಿಲೆ ಯಾರ ಪಾಪದ ಫಲ?

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಜೀವಶಾಸ್ತ್ರ ಓದುತ್ತಿದ್ದ 21 ವರ್ಷದ ಕ್ರೈಸ್ತ ಯುವತಿ. ಎರಡು ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಪ್ರಾರ್ಥನೆಗೆ ಕುಳಿತರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತ ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದಳು. ಅವಳ ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 5:12ರ ಕೆಳಗೆ ಪೆನ್ಸಿಲ್ ಗೆರೆ ಎಳೆದು ಎಳೆದು ಹಾಳೆ ಹರಿಯುವಂತಾಗಿತ್ತು. ಒಬ್ಬ ಮನುಷ್ಯನಿಂದ, ಅಂದರೆ ಮೊದಲ ಮನುಷ್ಯ ಆದಾಮನಿಂದ, ಪಾಪವೂ ಪಾಪದಿಂದ ಮರಣವೂ ಲೋಕಕ್ಕೆ ಬಂದವು ಎನ್ನುವ ವಚನ ಅದು. “ಡೈನೋಸಾರ್‌ಗಳು 6.6 ಕೋಟಿ ವರ್ಷಗಳ ಹಿಂದೆಯೇ ಅಳಿದವು. ಆಗ ಮನುಷ್ಯನೇ ಇರಲಿಲ್ಲ. ಆ ಸಾವು ಯಾರ ಪಾಪದ್ದು ಮೇಡಂ?”

ತಮ್ಮನ ವಿಷಯ ಬಂದದ್ದು ಎರಡನೇ ಭೇಟಿಯಲ್ಲಿ. ಅವನಿಗೆ ಸಿಕಲ್ ಸೆಲ್ ಅನೀಮಿಯಾ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ನಾಳಗಳಲ್ಲಿ ಸಿಕ್ಕಿಕೊಂಡು ಹಿಂಡುವ ಕಾಯಿಲೆ. ಕಾರಣ ಒಂದು ಜೀನ್‌ನಲ್ಲಿ ಒಂದೇ ಅಕ್ಷರದ ಬದಲಾವಣೆ. ಅದು ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದರೆ ತೀವ್ರ ಮಲೇರಿಯಾದಿಂದ ರಕ್ಷಣೆ, ಇಬ್ಬರಿಂದಲೂ ಬಂದರೆ ಈ ಯಾತನೆ. “ಇದು ಶಾಪ ಎಂದರೆ ತಪ್ಪು ತಮ್ಮನ ತಲೆಗೆ ಬರುತ್ತದೆ. ವಿಕಾಸ ಎಂದರೆ ದೇವರ ತಲೆಗೆ.”

ಇದೆಲ್ಲ ದುಃಖ ಆಡಿಸುವ ಮಾತು ಎಂದು ಪ್ರಶ್ನೆಯನ್ನು ಬದಿಗಿಟ್ಟಿದ್ದರೆ ಅವಳನ್ನು ಅವಮಾನಿಸಿದಂತಾಗುತ್ತಿತ್ತು. ಬೈಬಲನ್ನೇ ತೆರೆದೆವು. ಬೇಡವೆಂದ ಮರದ ಹಣ್ಣನ್ನು ತಿಂದ ದಿನವೇ ಸಾಯುವೆ ಎಂದು ದೇವರು ಆದಾಮನಿಗೆ ಹೇಳಿದ ಮಾತು ಆದಿಕಾಂಡ 2ರಲ್ಲಿದೆ. 5ನೇ ಅಧ್ಯಾಯದ ಪ್ರಕಾರ ಆದಾಮ ಬದುಕಿದ್ದು 930 ವರ್ಷ. ಹಾಗಾಗಿ ಅಲ್ಲಿನ ಮರಣವನ್ನು ದೇವರಿಂದ ದೂರವಾಗುವುದು ಎಂದು ಓದುವ ಕ್ರೈಸ್ತರು ಅನೇಕರಿದ್ದಾರೆ. ಕೀರ್ತನೆ 104ರಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸುತ್ತ ದೇವರಲ್ಲೇ ಆಹಾರ ಬೇಡುತ್ತವೆ. ಇದನ್ನು ಕೀರ್ತನೆಗಾರ ಸ್ತುತಿಯಾಗಿಯೇ ಹಾಡುತ್ತಾನೆ. ಆ ಸಾಲನ್ನು ಅವಳು ಎರಡು ಸಲ ಓದಿದಳು.

ಗಂಟು ಪೂರ್ತಿ ಬಿಚ್ಚಿತೆಂದು ನಾನು ಹೇಳಲಿಲ್ಲ. ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿರುವಂತೆ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಅದೇ ಪತ್ರಿಕೆಯ 8ನೇ ಅಧ್ಯಾಯದಲ್ಲಿದೆ. 1950ರಲ್ಲಿ ಪೋಪ್ 12ನೇ ಪಯಸ್ ಮಾನವದೇಹದ ವಿಕಾಸದ ಸಂಶೋಧನೆಗೆ ಅಡ್ಡಿಯಿಲ್ಲ ಎಂದರೂ ಮನುಷ್ಯರೆಲ್ಲ ಒಬ್ಬ ಆದಾಮನ ಸಂತತಿ ಎಂಬ ಪಟ್ಟು ಸಡಿಲಿಸಲಿಲ್ಲ. ಅವಳು ಎಡವಿದ ಜಾಗದಲ್ಲಿ ದೊಡ್ಡವರೂ ನಿಂತು ಯೋಚಿಸಿದ್ದಾರೆ ಎಂಬುದು ಅವಳಿಗೆ ತಿಳಿಯಬೇಕಿತ್ತು.

ಒಂದು ವಿಷಯದಲ್ಲಿ ಮಾತ್ರ ಖಂಡಿತವಾಗಿ ಹೇಳಿದೆ: ತಮ್ಮನ ಕಾಯಿಲೆಗೆ ಪಾಪದ ಲೆಕ್ಕ ಹಾಕುವುದನ್ನು ಇಂದೇ ಬಿಡು. ಹುಟ್ಟುಕುರುಡನ ಬಗ್ಗೆ ಶಿಷ್ಯರು ಇದೇ ಲೆಕ್ಕ ಕೇಳಿದಾಗ ಯೇಸು ಒಪ್ಪಲಿಲ್ಲ. ಪ್ರಶ್ನೆಗಳಿಗೆ ಸಂಜೆ ಅರ್ಧ ಗಂಟೆ, ಒಂದು ನೋಟ್‌ಬುಕ್. ಮಲಗುವ ಹೊತ್ತಿನಲ್ಲಿ ಬೇಡ. ಪ್ರಾರ್ಥನೆಯಲ್ಲಿ ಕೋಪ ಬಂದರೆ ಕೋಪವನ್ನೇ ಹೇಳು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು ಎಂದೂ ಸೂಚಿಸಿದೆ.

ನಾಲ್ಕನೇ ಭೇಟಿಯ ಹೊತ್ತಿಗೆ ರಾತ್ರಿ ಐದು ಗಂಟೆ ನಿದ್ದೆ ಬರುತ್ತಿತ್ತು. ಆದಾಮನ ಪ್ರಶ್ನೆ ಹಾಗೇ ಇದೆ. ಮುಂದಿನ ಸಲ ತನ್ನ ಚರ್ಚಿನ ಸಭಾಪಾಲಕರನ್ನೂ ಕರೆತರಬಹುದೇ ಎಂದು ಕೇಳಿದಳು, ಬರಲಿ ಎಂದೆ.